ಕರಿಬೇವಿಗೆ ಎರೆದ ಮಜ್ಜಿಗೆ

ಮಾನ್ವಿಯಿಂದ ರಾಯಚೂರಿಗೆ ಹೊರಟ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಅವ್ವನನ್ನು ತಡೆದು ನಿಲ್ಲಿಸಿದ. ಅವಳ ಕಂಕುಳಲ್ಲಿ ಕರಿಬೇವಿನ ಕುಂಡ, ಕೈಯಲ್ಲಿ ಪುದೀನದ ತಗಡಿನ ಡಬ್ಬಿ, ಹಿಂದೆ ನನ್ನ ಎರಡೂ ಕೈಯಲ್ಲಿ ಇನ್ನಷ್ಟು ಮಣ್ಣು.

"ಏನವ್ವಾ, ತ್ವಾಟಾನ ಹೊತ್ಕೊಂಡು ಹೊಂಟೀಯಲ್ಲ?" ಅಂದ.

"ಇವೇನು ನಿನ್ನ ಸೀಟು ಕೇಳಂಗಿಲ್ಲಪ್ಪಾ. ನನ್ನ ತೊಡಿ ಮ್ಯಾಲ ಕುಂದರ್ತಾವ," ಅಂದಳು ಅವ್ವ. ಬಸ್ಸಿನವರೆಲ್ಲ ನಕ್ಕರು. ನನಗೆ ಮಾತ್ರ ನಾಚಿಕೆಯಿಂದ ಮೈಯೆಲ್ಲ ಮುದುಡಿತು. ಆಗ ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ವರ್ಗವಾಗಿ ರಾಯಚೂರಿಗೆ ಹೊರಟವಳು. ಶಿಕ್ಷಕಿಯ ತಾಯಿ ಡಬ್ಬಿ ಹೊತ್ತು ಬಸ್ಸು ಹತ್ತುವುದು ಮರ್ಯಾದೆಯ ಸಂಗತಿಯಲ್ಲ ಎಂದು ನಾನು ತಿಳಿದಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಮೂವತ್ತು ದಾಟಿತ್ತು, ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ.

ಅವ್ವನ ತವರು ಕುರಿ ಸಾಕುವ ಮನೆ. ಮದುವೆಯಾಗಿ ದೇವದುರ್ಗಕ್ಕೆ ಬಂದಮೇಲೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದಳು. ಸ್ವಂತಕ್ಕೆ ಅಂಗೈಯಗಲ ನೆಲವಿರಲಿಲ್ಲ. ಅದಕ್ಕೇ ಇರಬೇಕು, ಒಡೆದ ಗಡಿಗೆ, ತೂತು ಬಿದ್ದ ಕೊಡ, ಖಾಲಿಯಾದ ಎಣ್ಣೆ ಡಬ್ಬಿ, ಏನು ಕಂಡರೂ ಮಣ್ಣು ತುಂಬುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಮಾನ್ವಿಗೆ, ನನ್ನ ಬಳಿ ಕರೆತಂದೆ. ನನಗೆ ಮದುವೆ ಕೂಡಿಬರಲಿಲ್ಲ, ಒಡಹುಟ್ಟಿದವರೂ ಇಲ್ಲ. ಶಾಲೆ ಕಲಿಸುವವಳೆಂದು ಊರಿಗೆಲ್ಲ ನಾನು 'ಅಕ್ಕೋರು', ಈ ಲೋಕದಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವಳು ಅವಳೊಬ್ಬಳೇ ಉಳಿದಿದ್ದಳು. ಅವಳು ನನ್ನ ಹತ್ತಿರ ನನ್ನವ್ವನಾಗಿಯೇ ಕೊನೆಯವರೆಗೂ ಇರಬೇಕು, ನನಗೆ ಬೇಕಿದ್ದದ್ದು ಅಷ್ಟೇ.

ರಾಯಚೂರಿನ ಬಾಡಿಗೆ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಒಳಗಿನಿಂದಲೇ ಕಲ್ಲಿನ ಮೆಟ್ಟಿಲು ಹತ್ತಿದರೆ ತುದಿಯಲ್ಲೊಂದು ಹಲಗೆ ಬಾಗಿಲು, ಅದನ್ನು ದಾಟಿದರೆ ಮಾಳಿಗೆ. ಅಂಚಿಗೆ ಗೋಡೆಯಿರಲಿಲ್ಲ. ಮೆಟ್ಟಿಲಿಗೆ ಮುಚ್ಚಿಗೆಯಾಗಿ ಆಳೆತ್ತರದ ಸಣ್ಣ ಕಟ್ಟೋಣವಿತ್ತು, ಅದರದೊಂದೇ ನೆರಳು. ಅವ್ವ ಆ ನೆರಳನ್ನೇ ನೆಚ್ಚಿ ಸಂಸಾರ ಹೂಡಿದಳು. ಬೆಳಿಗ್ಗೆ ನೆರಳು ಪಡುವಣಕ್ಕೆ ಬಿದ್ದಾಗ ಡಬ್ಬಿಗಳೆಲ್ಲ ಆ ಕಡೆ. ಮಧ್ಯಾಹ್ನ ನೆರಳು ಕಟ್ಟೋಣದ ಬುಡಕ್ಕೆ ಬಂದಾಗ ಅದರ ಗೋಡೆಗೆ ಒತ್ತಿ ಸಾಲಾಗಿ. ಇಳಿಹೊತ್ತಿಗೆ ಮೂಡಣಕ್ಕೆ. ದಿನಕ್ಕೆ ಮೂರು ಸಲ ಒಂದೊಂದನ್ನೂ ಸರಿಸುತ್ತಿದ್ದಳು. ನಮ್ಮ ಊರಿನ ಬಿಸಿಲಿನಲ್ಲಿ ಪುದೀನ ಬದುಕಬೇಕಾದರೆ ಬೇರೆ ದಾರಿಯಿರಲಿಲ್ಲ.

ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬೇಳೆ ತೊಳೆದ ನೀರು ಮೆಂತ್ಯಕ್ಕೆ, ಪಲ್ಯ ತೊಳೆದ ನೀರು ಕೊತ್ತಂಬರಿಗೆ. ಕೊತ್ತಂಬರಿ ಕಾಳನ್ನು ಎಲ್ಲರೂ ಚಪ್ಪಲಿಯಿಂದ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿದರೆ, ಇವಳು ತಿನ್ನುವ ಕಾಳಿಗೆ ಚಪ್ಪಲಿ ತಾಗಿಸಬಾರದೆಂದು ಇಟ್ಟಿಗೆಯ ಚೂರಿನಿಂದ ತಿಕ್ಕುತ್ತಿದ್ದಳು. ಬೀದಿಯಲ್ಲಿ ಕುರಿಮಂದೆ ಹಾದರೆ ಸೆರಗು ಕಟ್ಟಿಕೊಂಡು ಓಡಿ ಹಿಕ್ಕೆ ಆರಿಸಿ ತರುತ್ತಿದ್ದಳು. ಸಂಜೆ ದೀಪ ಹಚ್ಚಿದ ಮೇಲೆ ಒಂದು ಎಲೆಯನ್ನೂ ಕೀಳಲು ಬಿಡುತ್ತಿರಲಿಲ್ಲ, ಗಿಡ ಮಲಗಿರುತ್ತದಂತೆ. ಕರಿಬೇವಿಗೆ ಮಾತ್ರ ವಿಶೇಷ ಉಪಚಾರ. ವಾರಕ್ಕೊಮ್ಮೆ ಹುಳಿ ಬಂದ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಅದರ ಬುಡಕ್ಕೆ ಎರೆಯುತ್ತಿದ್ದಳು. ಆ ಎಲೆಯ ಒಗ್ಗರಣೆ ಬಿದ್ದರೆ ನಮ್ಮ ಬೀದಿಯ ತುದಿಯವರೆಗೂ ಗೊತ್ತಾಗುತ್ತಿತ್ತು. ರೊಟ್ಟಿಗೆ ಪುದೀನ, ಶೇಂಗಾ ಹಾಕಿ ಅವಳು ಕುಟ್ಟುತ್ತಿದ್ದ ಚಟ್ನಿಯನ್ನು ನಾನು ಶಾಲೆಗೆ ಒಯ್ದರೆ ಜೊತೆಯ ಶಿಕ್ಷಕಿಯರು ನನಗೇ ಉಳಿಸುತ್ತಿರಲಿಲ್ಲ.

ಹೀಗೆ ನಾಲ್ಕೈದು ವರ್ಷ ನಡೆಯಿತು. ಆಮೇಲೊಂದು ಬೇಸಿಗೆಯಲ್ಲಿ ಕರಿಬೇವಿನ ಎಲೆ ಅಂಚಿನಿಂದ ಸುಟ್ಟು ಉದುರತೊಡಗಿತು. ಬುಡ ನೋಡಿದೆ. ಮಣ್ಣಿನ ಮೇಲೆ ಬೆಳ್ಳಗೆ ಹೆಪ್ಪು, ಅದರ ನಡುವೆ ಕೊತ್ತಂಬರಿ ಚೂರು, ಹಸಿಮೆಣಸಿನಕಾಯಿಯ ಬೀಜ. ಅದು ನಾವು ಕುಡಿಯಲೆಂದು ಉಪ್ಪು ಹಾಕಿ ಕಲಸಿಟ್ಟ ಮಜ್ಜಿಗೆ.

"ಯವ್ವಾ, ಉಪ್ಪು ಹಾಕಿದ್ ಮಜ್ಜಿಗಿ ಗಿಡಕ್ಕ ಸುರದೀಯಲ್ಲ! ಕಣ್ಣು ಎಲ್ಲಿಟ್ಟಿದ್ದಿ?"

"ನಾ ಎಲ್ಲಿ ಹಾಕೀನಿ? ವಾರ ಆತು, ಅದಕ್ಕ ಮಜ್ಜಿಗೀನ ಕೊಟ್ಟಿಲ್ಲ," ಅಂದಳು. ಅಂದವಳೇ ಮಜ್ಜಿಗೆಯ ಗಡಿಗೆ ತರಲು ಕೆಳಗೆ ಹೋದಳು.

ಅಂದೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಮುದುಕಿಗೆ ಮೊಂಡುತನ ಅಂದುಕೊಂಡು ಸಿಡುಕಿದೆ. ದಿನಾ ಮಜ್ಜಿಗೆ ಸುರಿದಳು, ನಾನು ದಿನಾ ಬೈದೆ. ಗಡಿಗೆಯನ್ನು ಬಚ್ಚಿಟ್ಟರೆ ಪಕ್ಕದ ಮನೆಯಲ್ಲಿ ಕೇಳಿ ತಂದು ಸುರಿದಳು. ಮೆಂತ್ಯಕ್ಕೂ ಕೊತ್ತಂಬರಿಗೂ ಅದೇ ಉಪ್ಪುನೀರು. ನೀರು ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕಿದ್ದರಿಂದ ಪುದೀನದ ಬೇರು ಕೊಳೆಯಿತು. ಮಕ್ಕಳ ಮುಂದೆ ಒಂದು ದಿನವೂ ಬೆತ್ತ ಎತ್ತದ ನಾನು ಅವ್ವನ ಮುಂದೆ ಕೈಯೆತ್ತಿದೆ. ಹೊಡೆಯಲಿಲ್ಲ. ಆದರೆ ಅವಳು ತಲೆ ತಗ್ಗಿಸಿ ಎರಡೂ ಕೈ ಅಡ್ಡ ಹಿಡಿದದ್ದನ್ನು ನೋಡಿದೆ.

ಒಂದು ಸಂಜೆ ಅವಳು ದೊಡ್ಡಪತ್ರೆಯ ಎಲೆಯೊಂದನ್ನು ಕಿತ್ತು, ತಿಕ್ಕಿ, ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಳು. ಕತ್ತಲಲ್ಲಿ ಮಣ್ಣು ಮೂಸಿ ಇದು ಯಾವ ಡಬ್ಬಿ ಎಂದು ಹೇಳುತ್ತಿದ್ದವಳು ಅವಳು.

"ಇದಕ್ಕ ವಾಸನೀನ ಇಲ್ಲೇನ?" ಎಂದು ಕೇಳಿದಳು.

ಆಗ ಹೆದರಿಕೆಯಾಯಿತು. ಡಾಕ್ಟರ ಬಳಿ ಕರೆದೊಯ್ದೆ. ವಯಸ್ಸಾದವರಿಗೆ ಹೀಗಾಗುತ್ತದೆ, ಇದಕ್ಕೆ ಮಾತ್ರೆಯಿಲ್ಲ, ಒಂಟಿಯಾಗಿ ಬಿಡಬೇಡಿ ಅಂದರು. ಒಂಟಿಯಾಗಿ ಬಿಡದೆ ನಾನು ಶಾಲೆಗೆ ಹೋಗುವುದು ಹೇಗೆ? ಶಾಲೆಗೆ ಹೋಗದೆ ಇಬ್ಬರ ಹೊಟ್ಟೆ ತುಂಬುವುದು ಹೇಗೆ? ಅವರನ್ನು ಕೇಳಿ ಫಲವಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ಶಾಲೆಗೇ ಓಡಿ ಬಂದಳು. "ಅಕ್ಕೋರ, ನಿಮ್ಮವ್ವ ಮಾಳಿಗಿ ಅಂಚಿನ್ಯಾಗ ನಿಂತು ಡಬ್ಬಿ ಸರಸಾಕತ್ತಾರ. ಒಂದು ಡಬ್ಬಿ ಕೆಳಗ ಬಿತ್ತು. ಲಗೂನ ಬರ್ರಿ." ಹೋಗಿ ನೋಡಿದರೆ ಅವ್ವ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ನೆರಳು ಯಾವ ಕಡೆಗೆ ಎಂಬುದೂ ಅವಳಿಗೆ ಮರೆತಿತ್ತು. ಸುಡುಬಿಸಿಲಿನಲ್ಲಿ ಕೊತ್ತಂಬರಿಯ ಡಬ್ಬಿ ಹಿಡಿದು ಇಡುವ ಜಾಗ ಹುಡುಕುತ್ತಿದ್ದಳು.

ಮರುದಿನ ಹಲಗೆ ಬಾಗಿಲಿಗೆ ಬೀಗ ಹಾಕಿದೆ. ಕೀಲಿಯನ್ನು ನನ್ನ ಚೀಲದಲ್ಲಿ ಇಟ್ಟುಕೊಂಡು ಶಾಲೆಗೆ ಹೋದೆ. ಅವಳು ಬಿದ್ದಾಳೆಂಬ ಭಯಕ್ಕೆ ಹಾಕಿದೆ ಎಂದು ಎಲ್ಲರಿಗೂ ಹೇಳಿದೆ, ಅದು ಸುಳ್ಳಲ್ಲ. ಆದರೆ ಕೀಲಿ ತಿರುಗಿಸುವಾಗ ನನಗೆ ಇನ್ನು ಬೈಯಬೇಕಿಲ್ಲ, ಸುರಿದ ಮಜ್ಜಿಗೆ ತೊಳೆಯಬೇಕಿಲ್ಲ ಎಂದು ಹಗುರವೂ ಆಗಿತ್ತು. ಆ ಹಗುರವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಮೊದಮೊದಲು ಅವಳು ಮೆಟ್ಟಿಲು ಹತ್ತಿ ಬಾಗಿಲು ಬಡಿಯುತ್ತಿದ್ದಳಂತೆ, ಪಕ್ಕದ ಮನೆಯಾಕೆ ಹೇಳಿದಳು. "ಗಿಡ ನೀರಡಿಸ್ಯಾವ, ತೆಗೀಬೇ," ಎಂದು ನನ್ನ ಹೆಸರು ಹಿಡಿದು ಕೂಗುತ್ತಿದ್ದಳಂತೆ, ನಾನು ಅಷ್ಟು ದೂರದ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿರುವಾಗ. ತಿಂಗಳೊಳಗೆ ಕೂಗು ನಿಂತಿತು. ಬಡಿಯುವುದೂ ನಿಂತಿತು. ಮೆಟ್ಟಿಲ ಬುಡದಲ್ಲಿ ಸುಮ್ಮನೆ ಕೂರತೊಡಗಿದಳು. ಉಣಿಸಿದರೆ ಉಣ್ಣುತ್ತಿದ್ದಳು, ಇಲ್ಲದಿದ್ದರೆ ಕೇಳುತ್ತಿರಲಿಲ್ಲ. ಮಾತು ಒಂದೊಂದಾಗಿ ಕಡಿಮೆಯಾಯಿತು. ಕೈಗೆ ಕೆಲಸವಿದ್ದಷ್ಟು ದಿನ ತಪ್ಪುತಪ್ಪಾಗಿಯಾದರೂ ಅವಳು ಅವ್ವನಾಗಿದ್ದಳು. ಆ ಕೆಲಸವನ್ನು ಕಸಿದವಳು ನಾನು.

ಗಿಡಗಳನ್ನು ನಾನೇ ನೋಡಿಕೊಳ್ಳುತ್ತೇನೆಂದು ಅಂದುಕೊಂಡಿದ್ದೆ. ಬೆಳಿಗ್ಗೆ ಒಂದು ಚೊಂಬು ನೀರು ಹಾಕಿ ಓಡುತ್ತಿದ್ದೆ. ಹಗಲು ಮೂರು ಸಲ ಯಾರು ಸರಿಸಬೇಕು? ಮೆಂತ್ಯ ಮೊದಲು ಹೋಯಿತು, ಆಮೇಲೆ ಕೊತ್ತಂಬರಿ. ಅಳಿದುಳಿದಿದ್ದ ಪುದೀನದ ಕಡ್ಡಿ ಕೆಂಪಗಾಗಿ ಮುರಿಯಿತು. ಬೇರು ಸತ್ತ ಕರಿಬೇವಿಗೆ ಇನ್ನೂ ಕೆಲವು ದಿನ ನೀರು ಹಾಕಿದೆ. ಆಮೇಲೆ ನಾನೂ ಮೇಲೆ ಹೋಗುವುದನ್ನು ಬಿಟ್ಟೆ. ಸಂತೆಯಿಂದ ಸೊಪ್ಪು ಕೊಂಡು ತಂದರೆ ಅವ್ವ ಅದರತ್ತ ನೋಡುತ್ತಲೂ ಇರಲಿಲ್ಲ.

ಒಂದು ಭಾನುವಾರ ಹಗಲು ನಾನು ಬಟ್ಟೆ ಒಗೆದು ಒಳಗೆ ಬಂದೆ. ಅವ್ವ ಎಷ್ಟೋ ದಿನಗಳ ನಂತರ ಮೆಟ್ಟಿಲು ಹತ್ತಿ ಬೀಗ ಹಿಡಿದು ನಿಂತಿದ್ದಳು. ನನ್ನನ್ನು ಕಂಡು ಸೆರಗು ತಲೆಗೆ ಎಳೆದುಕೊಂಡಳು, ಹೊರಗಿನವರ ಮುಂದೆ ಎಳೆದುಕೊಳ್ಳುವ ಹಾಗೆ.

"ಅಕ್ಕೋರ, ಈ ಬಾಗ್ಲಾ ತೆಗೀರಿ. ನನ್ ಮಗಳು ಮ್ಯಾಲ ಅದಾಳ. ಸಣ್ಣಾಕಿ ಅದಾಳ್ರಿ. ಬಿಸಲು ಸುಡಾಕತ್ತದ, ನೆಳ್ಳಿಗಿ ಕರ್ಕೊಂಡು ಬರ್ತೀನಿ."

ಅವ್ವನ ಬಾಯಲ್ಲಿ ನನಗೆ 'ರೀ' ಬಂದದ್ದು ಅದೇ ಮೊದಲು. ಚೀಲದಿಂದ ಕೀಲಿ ತಂದೆ. ಬಾಗಿಲು ತೆಗೆದು, ಅವಳ ಕೈ ಗಟ್ಟಿಯಾಗಿ ಹಿಡಿದು ಮೇಲೆ ಕರೆದೊಯ್ದೆ. ಬಿಸಿಲಿಗೆ ಬಿರಿದ ಮಣ್ಣು, ತುಕ್ಕು ಹಿಡಿದ ಡಬ್ಬಿ, ಕಡ್ಡಿಯಾಗಿ ನಿಂತ ಕರಿಬೇವು. ಅವಳು ಒಂದೊಂದು ಡಬ್ಬಿಯ ಹಿಂದೆಯೂ ಬಾಗಿ ನೋಡಿದಳು. ನೋಡಿ ಮುಗಿಸಿ ನನ್ನತ್ತ ತಿರುಗಿದಳು.

"ಎಲ್ಲಿ ಹೋದ್ಲು?"

"ಯವ್ವಾ, ನಾನ ನಿನ್ನ ಮಗಳು. ಇಲ್ಲೇ ಅದೀನಿ ನೋಡು."

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ, ಗುರುತೂ ಇರಲಿಲ್ಲ. ಇಷ್ಟೂ ಗೊತ್ತಾಗದವಳು ಎಂದು ನನ್ನ ಮೇಲೆ ತುಸು ಕನಿಕರವಿತ್ತು.

"ನೀವಲ್ರೀ ಅಕ್ಕೋರ," ಅಂದಳು. "ನನ್ ಮಗಳು ಇಲ್ಲಿದ್ದಿದ್ರ ಇವು ಹಿಂಗ ಒಣಗಾಕ ಬಿಡ್ತಿದ್ದಿಲ್ಲ."