ಚಿಕ್ಕಪ್ಪನ ಹೊಂಡಕ್ಕೆ ಪಾಚಿ ತಂದದ್ದು

ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತೇನೆ. ಸೊರಬ ತಾಲ್ಲೂಕಿನ ಉಳವಿಯಲ್ಲಿರುವ ನನ್ನ ಚಿಕ್ಕಪ್ಪನಿಗೆ ಇದರಿಂದ ಎಂದೂ ಏನೂ ಉಪಯೋಗವಾಗಿರಲಿಲ್ಲ. ಕಳೆದ ವರ್ಷ ಮಳೆಗಾಲ ಮುಗಿದ ಮೇಲೆ ಅವರೇ ಫೋನ್ ಮಾಡಿದರು. ಮನೆ ಹಿಂದಿನ ಹೊಂಡದ ನೀರು ಹಸಿರು ಬಣ್ಣ ಕಲಸಿದ ಹಾಗಾಗಿದೆ, ನಾರುತ್ತಿದೆ, ಎಮ್ಮೆ ಮೂಸಿ ನೋಡಿ ವಾಪಸ್ಸು ಬರುತ್ತಿದೆ ಎಂದರು.

ಹೋಗಿ ನೋಡಿದೆ. ಮೇಲಿನ ಗದ್ದೆಗೆ ಹಾಕಿದ ಯೂರಿಯಾ, ಕೊಟ್ಟಿಗೆ ತೊಳೆದ ನೀರು ಎರಡೂ ಇಳಿದು ಸೇರುವುದು ಆ ಹೊಂಡಕ್ಕೇ.

"ಪಾಚಿ ಬೆಳೆಸಬೇಕು ಚಿಕ್ಕಪ್ಪ" ಎಂದೆ.

ಅವರು ಹೊಂಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಎಂತ ಮಾರಾಯ್ತಿ, ಇದ್ರಲ್ಲಿ ಇರೋದು ಸಾಲ್ದನೇ?"

ವಿವರಿಸಿದೆ. ನೀರಿನಲ್ಲಿ ಕರಗಿರುವ ಗೊಬ್ಬರದ ಅಂಶ ತಿಂದೇ ಹೊಂಡ ಹಸಿರಾಗುತ್ತಿದೆ. ದಡದ ಮೇಲೆ ಇಳಿಜಾರಾಗಿ ತಾಡಪಾಲು ಹಾಸಿ, ಅದರ ಮೇಲೆ ನೈಲಾನ್ ಬಲೆ ಬಿಗಿದು, ಸಣ್ಣ ಮೋಟಾರಿನಿಂದ ಹೊಂಡದ ನೀರು ಹಾಯಿಸಬೇಕು. ಬಲೆಯ ಮೇಲೆ ಎಳೆ ಎಳೆ ಪಾಚಿ ಬೆಳೆದು ಆ ಗೊಬ್ಬರವನ್ನು ತಾನು ತಿನ್ನುತ್ತದೆ. ಆಗಾಗ ಅದನ್ನು ಕೆರೆದು ಹೊರಗೆ ಹಾಕಿದರೆ ಗೊಬ್ಬರವೂ ನೀರಿನಿಂದ ಹೊರಗೆ ಬಂದ ಹಾಗೆ.

"ಅಂದ್ರೆ ಒಳಗಿನ ಪಾಚಿ ಊಟನ ಹೊರಗಿನ ಪಾಚಿ ಕಿತ್ಕಳತ್ತೆ."

"ಹೌದು."

"ಸರಿ ಹಂಗಾರೆ" ಎಂದು ತಾಡಪಾಲು ಹುಡುಕಲು ಹೋದರು.

ಬಲೆ ಬಿಗಿದಾಯಿತು. ಇನ್ನು ಬೇಗ ಹತ್ತಿಕೊಳ್ಳಲು ಒಂದಿಷ್ಟು ಎಳೆಪಾಚಿ ಬೇಕಿತ್ತು. ಪಕ್ಕದ ಮನೆಯ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಚೆನ್ನಾಗಿ ಬೆಳೆದಿದೆ ಎಂದು ಚಿಕ್ಕಮ್ಮ ಹೇಳಿದ್ದರು. ಆ ಮನೆಯಾಕೆಯ ಹತ್ತಿರ ಹೋಗಿ, "ಅಕ್ಕಾ, ನಿಮ್ಮನೇಲಿ ಒಳ್ಳೆ ಪಾಚಿ ಇದೆಯಂತೆ, ಸ್ವಲ್ಪ ಕೊಡ್ತೀರಾ?" ಎಂದು ವಿನಯದಿಂದಲೇ ಕೇಳಿದೆ.

ಆಕೆಯ ಮುಖ ಕೆಂಪಾಯಿತು. "ನಮ್ಮನೇಲಿ ಪಾಚಿ ಇದೆ ಅಂತ ಯಾರು ಹೇಳಿದ್ದು? ಬನ್ನಿ, ತೋರ್ಸಿ! ಎಲ್ಲಿದೆ ತೋರ್ಸಿ!"

ತೋರಿಸುವ ಧೈರ್ಯವಾಗಲಿಲ್ಲ. ಸಂಜೆಯೊಳಗೆ, ಶಿಕಾರಿಪುರದಿಂದ ಯಾರೋ ಮೇಡಂ ಬಂದು ಮನೆಮನೆಯ ಪಾಚಿ ತಪಾಸಣೆ ಮಾಡುತ್ತಿದ್ದಾರೆ ಎಂದು ಊರೆಲ್ಲ ಸುದ್ದಿ. ಮರುದಿನ ಬೆಳಗ್ಗೆ ಎದ್ದರೆ ಕೇರಿಯುದ್ದಕ್ಕೂ ಕಲ್ಲುಜ್ಜುವ ಸದ್ದು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕೇರಿಯಲ್ಲಿ ಹಿಡಿ ಪಾಚಿ ಉಳಿದಿರಲಿಲ್ಲ. ಚಿಕ್ಕಮ್ಮ ಕೂಡ ಬಚ್ಚಲುಕಲ್ಲು ಉಜ್ಜಿಬಿಟ್ಟಿದ್ದರು. "ಎಲ್ಲರೂ ಉಜ್ಜುವಾಗ ನಾನೊಬ್ಳು ಸುಮ್ನೆ ಕೂತ್ಕಳಕ್ಕಾಗತ್ತನೇ?" ಎಂದರು.

ಹಾಗಾಗಿ ವಾಪಸ್ಸು ಹೋಗಿ, ಕಾಲೇಜಿನ ನೀರಿನ ಟ್ಯಾಂಕಿನ ಬುಡದಲ್ಲಿ ಬೆಳೆದದ್ದನ್ನು ಬಕೆಟ್ಟಿನಲ್ಲಿ ತುಂಬಿ, ಒದ್ದೆ ಬಟ್ಟೆ ಮುಚ್ಚಿ ಶಿಕಾರಿಪುರದಲ್ಲಿ ಬಸ್ಸು ಹತ್ತಿದೆ.

ಕಂಡಕ್ಟರ್ ಬಗ್ಗಿ ನೋಡಿದ. "ಏನೈತ್ರಿ ಮೇಡಂ ಇದ್ರಾಗ? ಮೀನಾ?"

"ಅಲ್ಲ, ಪಾಚಿ."

"ಎಲ್ಲಿಗೆ ಒಯ್ತೀರಿ?"

"ಉಳವಿಗೆ."

"ಅಲ್ಲಿ ಸಿಗಂಗಿಲ್ಲೇನ್ರೀ?"

"ಸಿಗ್ತಿತ್ತು. ಈಗ ಖಾಲಿ ಆಗಿದೆ."

ಅವನು ಟಿಕೆಟ್ ಹರಿದು ಕೊಟ್ಟ. ಪಕ್ಕದಲ್ಲಿ ಕೂತವರಿಗೆ ಮೆಲ್ಲಗೆ, "ಮೇಡಮ್ಮೋರಿಗೆ ಸ್ವಲ್ಪ ಜಾಗ ಬಿಡ್ರಿ" ಎಂದ. ಸೊರಬದವರೆಗೂ ನನ್ನ ಸೀಟಿಗೆ ಯಾರೂ ಬರಲಿಲ್ಲ.

ಪಾಚಿ ಹತ್ತಿಕೊಂಡಿತು. ನೀರು ಹರಿದಂತೆಲ್ಲ ಎಳೆಗಳು ಬಾಚಿದ ಕೂದಲಿನಂತೆ ಒಂದೇ ಕಡೆಗೆ ಮಲಗುತ್ತಿದ್ದವು. ಚಿಕ್ಕಪ್ಪ ಬೆಳಗಿನ ಚಹಾ ಲೋಟ ಹಿಡಿದುಕೊಂಡು ಅದರ ಪಕ್ಕವೇ ಕೂರತೊಡಗಿದರು. ಕೆರೆಯುವ ಕಾಲ ಬಂತು ಎಂದು ನಾನು ಫೋನಿನಲ್ಲಿ ಹೇಳಿದಾಗಲೆಲ್ಲ, "ಚಂದ ಬರ್ತಾ ಇದೆ, ಇನ್ನೊಂಚೂರು ಇರ್ಲಿ" ಎನ್ನುತ್ತಿದ್ದರು.

ಅಷ್ಟರಲ್ಲಿ ಅವರ ಮಗಳನ್ನು ನೋಡಲು ಚಂದ್ರಗುತ್ತಿ ಕಡೆಯಿಂದ ಗಂಡಿನವರು ಬರುವುದು ಗೊತ್ತಾಯಿತು. ಆ ದಿನ ನಾನು ಉಳವಿ ತಲುಪಿದಾಗ ಚಿಕ್ಕಪ್ಪ ತಲೆ ಮೇಲೆ ಕೈ ಹೊತ್ತು ಹೊಂಡದ ದಡದಲ್ಲಿ ಕೂತಿದ್ದರು. "ಹೋಯ್ತು ಕಣೇ. ಎಲ್ಲಾ ಹೋಯ್ತು."

ಚಿಕ್ಕಮ್ಮ ತೆಂಗಿನ ನಾರಿನಿಂದ ಬಲೆ ಉಜ್ಜಿ, ಪಾಚಿಯನ್ನೆಲ್ಲ ಬದನೆ ಪಾತಿಗೆ ಸುರಿದಿದ್ದರು. "ಬಂದೋರು ಇದ್ನ ನೋಡಿದ್ರೆ ಎಂಥಾ ಮನೆ ಅಂದ್ಕಳಲ್ವನೇ?" ಎಂದು ಅವರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಬಲೆಯ ಕಣ್ಣುಗಳಲ್ಲಿ ಪಾಚಿಯ ಬುಡ ಇನ್ನೂ ಇತ್ತು. "ಚಿಕ್ಕಮ್ಮ, ಮಾಡಬೇಕಾಗಿದ್ದೇ ಇದು! ಮತ್ತೆ ಚಿಗುರುತ್ತೆ" ಎಂದೆ. ನಾನು ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ಇಬ್ಬರೂ ನಂಬಲಿಲ್ಲ.

ಇದೇ ಹೊತ್ತಿಗೆ ಗಂಡಿನವರ ಜೀಪು ಬಂತು. ಹುಡುಗನ ತಂದೆ ಅತ್ತ ಮುಖಗಳನ್ನು ಕಂಡು ಗಾಬರಿಯಾಗಿ, "ಯಾರಿಗೆ ಏನಾಯ್ತು?" ಎಂದರು. ಪಾಚಿಗೆ ಎಂದು ಚಿಕ್ಕಪ್ಪ ಹೇಳಿದರು. ಅವರನ್ನು ದಡಕ್ಕೆ ಕರೆದೊಯ್ದು ಮೊದಲಿನಿಂದ ಎಲ್ಲ ವಿವರಿಸಿದರು. ಒಳಗೆ ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ಕಾದಳು; ಹುಡುಗ ತನ್ನ ಪಾಡಿಗೆ ಫೋನ್ ನೋಡುತ್ತಿದ್ದ. ಗಂಡಿನವರ ತೋಟದ ಹೊಂಡವೂ ಹೀಗೇ ಹಸಿರಾಗಿದೆಯಂತೆ. ಬದನೆ ಪಾತಿಯಿಂದ ಇನ್ನೂ ಒದ್ದೆಯಿದ್ದ ಪಾಚಿಯನ್ನು ಬಕೆಟ್ಟಿಗೆ ತುಂಬಿಸಿಕೊಂಡು, ಬಹಳ ಸಂತೋಷದಿಂದ ಕೈಮುಗಿದು, ಹುಡುಗಿಯ ವಿಷಯ ಎತ್ತದೆಯೇ ಹೊರಟುಹೋದರು.

ಬಲೆ ನಿಜಕ್ಕೂ ಮತ್ತೆ ಹಸಿರಾಯಿತು. ಆಮೇಲೆ ಕೆರೆಯುವ ಕೆಲಸ ಚಿಕ್ಕಮ್ಮನದೇ. ಬೇಸಿಗೆ ಶುರುವಾಗುವಾಗ ವಾಸನೆ ಹೋಗಿ ಹೊಂಡದ ಮೆಟ್ಟಿಲು ಕಾಣತೊಡಗಿತು. ಎಮ್ಮೆ ನೀರಿಗೆ ಬಾಯಿ ಹಾಕಿತು.

ಚಂದ್ರಗುತ್ತಿಯಿಂದ ಫೋನ್ ಬಂದ ದಿನ ನಾನೂ ಅಲ್ಲಿದ್ದೆ. ಚಿಕ್ಕಪ್ಪ ಸ್ಪೀಕರ್ ಹಾಕಿ ಮಾತಾಡುತ್ತಲೇ ಇದ್ದರು: ನೀರು ಹೆಂಗೆ ಬಿಡಬೇಕು, ಬಲೆ ಎಷ್ಟು ಇಳಿಜಾರಿರಬೇಕು. ಚಿಕ್ಕಮ್ಮ ಕೈಸನ್ನೆ ಮಾಡಿ ಮಾಡಿ ಸೋತು ಕೊನೆಗೆ ತಾವೇ, "ಹುಡುಗಿ ವಿಷ್ಯ ಎಂತಾಯ್ತು ಕೇಳ್ರೀ" ಎಂದು ಕೂಗಿದರು.

ಆ ಕಡೆಯಿಂದ ಹುಡುಗನ ತಂದೆ, "ಯಾವ ಹುಡುಗಿ?" ಎಂದರು.

ನನ್ನ ತಂಗಿ ಒಳಗಿನಿಂದ ಜೋರಾಗಿ ನಕ್ಕಳು. ಅವಳಿಗೂ ಆ ಹುಡುಗ ಹಿಡಿಸಿರಲಿಲ್ಲವಂತೆ.