ಇಪ್ಪತ್ತನೇ ಅಧ್ಯಾಯ ನಮ್ಮ ಮನೆಗೆ ಬಂದ ದಿನ

ಪುಟ್ಟಿ, ಚಿನ್ನು,

ಕ್ರಿಸ್‌ಮಸ್ ದಿನ ಊಟಕ್ಕೆ ಕೂತಾಗ ನೀವಿಬ್ಬರೂ ಮಾವ ಯಾಕೆ ಬಂದಿಲ್ಲ ಎಂದು ಕೇಳಿದಿರಿ. ಅಂಗಡಿಗೆ ರಜೆ ಇಲ್ಲ ಎಂದು ನಿಮ್ಮ ಅಮ್ಮ ಹೇಳಿದಳು. ಅದು ನಿಜವಲ್ಲ. ನಿಮ್ಮ ಮಾವ ಕೆಲಸ ಮಾಡುವ ಜಯನಗರದ ಕನ್ನಡಕದ ಅಂಗಡಿ ಅವತ್ತು ಮುಚ್ಚಿತ್ತು. ಅವನು ಬರದಿರುವುದಕ್ಕೆ ನಾನೇ ಕಾರಣ. ಇದನ್ನು ನಿಮ್ಮೆದುರು ಕೂತು ಹೇಳಲು ನನ್ನಿಂದ ಆಗುವುದಿಲ್ಲ. ಹಳ್ಳಿಯ ಶಾಲೆಯಲ್ಲಿದ್ದಾಗಲೂ ಹೀಗೆಯೇ. ಪಾಠ ಓದು ಎಂದರೆ ಗಟ್ಟಿಯಾಗಿ, ತಪ್ಪಿಲ್ಲದೆ ಓದುತ್ತಿದ್ದೆ. ಓದಿದ್ದರ ಬಗ್ಗೆ ಪ್ರಶ್ನೆ ಕೇಳಿದರೆ ಅಳುತ್ತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸಭೆಯ ಸ್ತ್ರೀಯರ ಸಂಘದಲ್ಲಿ ಒಂದು ಪದ್ಧತಿ ಇದೆ. ಪ್ರತಿ ಗುರುವಾರ ಮಧ್ಯಾಹ್ನ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಸತ್ಯವೇದವನ್ನು ಮೊದಲ ಪುಟದಿಂದ ಸಾಲಾಗಿ, ವಾರಕ್ಕೊಂದು ಅಧ್ಯಾಯದಂತೆ ಓದುತ್ತೇವೆ. ಯಾವುದನ್ನೂ ಬಿಡುವಂತಿಲ್ಲ. ಯಾರ ಮನೆಯೋ ಆ ಮನೆಯವಳೇ ಓದಬೇಕು, ಆಮೇಲೆ ಅದು ತನಗೇನು ಹೇಳಿತು ಎಂದು ಎರಡು ಮಾತು ಆಡಬೇಕು. ಉಳಿದವರು ಹತ್ತು ನಿಮಿಷ, ಕಾಲು ಗಂಟೆ ಮಾತಾಡುತ್ತಾರೆ. ನಿಮ್ಮ ತಾತ ತೀರಿಕೊಂಡ ವರ್ಷ ನಾನು ಸಂಘ ಸೇರಿದಾಗ, ಹೇಳಲು ಏನೂ ತೋಚದೆ ಒಂದು ವಾಕ್ಯ ಕಟ್ಟಿಕೊಂಡಿದ್ದೆ: “ಓದಿದ್ದೆಲ್ಲ ಸತ್ಯ. ನಮ್ಮ ಮನೆಗೂ ಇದೇ ಆಗಲಿ. ಕರ್ತನಿಗೆ ಸ್ತೋತ್ರ.” ಯಾವ ಅಧ್ಯಾಯ ಬಂದರೂ ಅದನ್ನೇ ಹೇಳಿ, ಕಾಫಿ ತರಲು ಎದ್ದುಬಿಡುತ್ತಿದ್ದೆ. ಯಾರೂ ತಪ್ಪು ತಿಳಿದಿರಲಿಲ್ಲ.

ಇಪ್ಪತ್ತನೇ ಅಧ್ಯಾಯ ನಮ್ಮ ಮನೆಗೆ ಬಂದ ವರ್ಷ, ಬೇಸಿಗೆಯಲ್ಲಿ ನಿಮ್ಮ ಮಾವ ನನಗೊಂದು ವಿಷಯ ಹೇಳಿದ್ದ. “ಅಮ್ಮ, ನನಗೆ ಹುಡುಗಿ ನೋಡೋದು ನಿಲ್ಲಿಸು. ನನಗೆ ಆಗಲ್ಲ. ಆದಿತ್ಯವಾರ ಮನೆಗೆ ಬರ್ತಾನಲ್ಲ ನನ್ನ ಫ್ರೆಂಡು, ಬಾಳಿದ್ರೆ ಅವನ ಜೊತೆಗೇ.” ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ. ನಾನು ಒಪ್ಪಿದೆ ಎಂದು ಅವನು ತಿಳಿದ. ಒಪ್ಪಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಆದರೆ ಅವನು ಅವತ್ತು ಹಗುರಾಗಿ ನಿದ್ದೆ ಮಾಡಿದ್ದು ಗೊತ್ತು. ಸುದ್ದಿ ಹೇಗೋ ಸಭೆಗೂ ಮುಟ್ಟಿತು. ಹತ್ತು ವರ್ಷದಿಂದ ಆರಾಧನೆಯಲ್ಲಿ ಕೀಬೋರ್ಡ್ ನುಡಿಸುತ್ತಿದ್ದವನನ್ನು ನುಡಿಸಲು ಕರೆಯುವುದನ್ನು ನಿಲ್ಲಿಸಿದರು. ಕಾರಣ ಯಾರೂ ಹೇಳಲಿಲ್ಲ.

ಆಗ ನಮ್ಮ ಸಂಘದ ಓದು ಮೋಶೆಯ ಧರ್ಮಶಾಸ್ತ್ರಕ್ಕೆ ಬಂದಿತ್ತು. ಏನು ತಿನ್ನಬೇಕು, ಏನು ಉಡಬೇಕು, ಯಾರು ಯಾರ ಜೊತೆ ಮಲಗಬಾರದು, ಎಲ್ಲಕ್ಕೂ ಅಲ್ಲಿ ನಿಯಮ. ಹತ್ತೊಂಬತ್ತನೇ ಅಧ್ಯಾಯವನ್ನು ಚಿಕ್ಕಲಸಂದ್ರದಲ್ಲಿ ಒಬ್ಬರ ಮನೆಯಲ್ಲಿ ಓದಿದೆವು. ಎರಡು ಬಗೆಯ ನೂಲು ಸೇರಿಸಿ ನೇಯ್ದ ಬಟ್ಟೆ ಹಾಕಬಾರದು ಎಂದು ಅದರಲ್ಲಿದೆ. ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಇಪ್ಪತ್ತು ವರ್ಷ ಅರ್ಧ ಹತ್ತಿ, ಅರ್ಧ ಪಾಲಿಸ್ಟರ್ ಶರ್ಟುಗಳಿಗೆ ಕಾಲರ್ ಹೊಲಿದವಳು.

“ಅಯ್ಯೋ, ಹಂಗಾದ್ರೆ ಇವಳು ಊರಿಗೆಲ್ಲ ಪಾಪ ಹೊಲಿದು ಕೊಟ್ಟವಳೆ!” ಎಂದು ಪಕ್ಕದವಳು ನನ್ನ ತೊಡೆಗೆ ಹೊಡೆದಳು.

“ನಿನ್ನ ಸೀರೆ ಯಾವ್ದಮ್ಮ, ಅಪ್ಪಟ ರೇಷ್ಮೆನಾ?” ಎಂದು ಇನ್ನೊಬ್ಬರು ಅವಳಿಗೇ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ನಾವೆಲ್ಲ ಟೀಚರಮ್ಮ ಅನ್ನುವವರು, ಕಣ್ಣೊರೆಸಿಕೊಂಡು ಹೇಳಿದರು: “ಅದು ಆ ಕಾಲದವರಿಗೆ ಕಣ್ರಮ್ಮ. ಕ್ರಿಸ್ತ ಬಂದ ಮೇಲೆ ನಮಗೆ ಅದೆಲ್ಲ ಇಲ್ಲ. ಇದ್ದಿದ್ರೆ ಹಬ್ಬಕ್ಕೆ ಹಂದಿ ಸಾರು ತಿನ್ನಕ್ಕಾಗ್ತಿತ್ತಾ?”

ಮುಂದಿನ ಗುರುವಾರ ಸರದಿ ನಮ್ಮ ಪುಟ್ಟೇನಹಳ್ಳಿ ಮನೆಯದು. ಇಪ್ಪತ್ತನೇ ಅಧ್ಯಾಯ. ನಾನು ಮೊದಲೇ ಒಮ್ಮೆ ಓದಿ ನೋಡಿಕೊಂಡಿರಲಿಲ್ಲ. ಗುರುವಾರ ಅಂಗಡಿಗೆ ವಾರದ ರಜೆ, ನಿಮ್ಮ ಮಾವ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದ. ನಾನು ಓದತೊಡಗಿದೆ. ತಂದೆತಾಯಿಯನ್ನು ಶಪಿಸಿದವನಿಗೆ ಮರಣ ಎಂದಿತ್ತು, ಓದಿದೆ. ಟೀಚರಮ್ಮನವರ ಮಗ ಅವರನ್ನು ಶಪಿಸುವುದು ಅವರ ಬೀದಿಗೆಲ್ಲ ಕೇಳಿಸುತ್ತದೆ, ಆದರೂ ಯಾರೂ ಅವರ ಕಡೆ ತಿರುಗಲಿಲ್ಲ. ಇನ್ನು ಸ್ವಲ್ಪ ಕೆಳಗೆ, ಗಂಡಸು ಗಂಡಸಿನ ಜೊತೆ ಮಲಗಿದರೆ ಇಬ್ಬರಿಗೂ ಮರಣ ಎಂದಿತ್ತು. ಅಲ್ಲಿಗೆ ಬಂದಾಗ ಎಲ್ಲರೂ ನನ್ನನ್ನೇ ನೋಡಿದರು. ನಾನು ನಿಲ್ಲಿಸಲಿಲ್ಲ. ಸ್ಪಷ್ಟವಾಗಿ, ತಪ್ಪಿಲ್ಲದೆ ಕೊನೆಯವರೆಗೂ ಓದಿದೆ. ಅಡುಗೆಮನೆಯಲ್ಲಿ ಸದ್ದು ನಿಂತಿತ್ತು. ಪುಸ್ತಕ ಮುಚ್ಚಿದೆ. ನನ್ನ ಬಾಯಿ ತಾನಾಗಿಯೇ ಹೇಳಿತು:

“ಓದಿದ್ದೆಲ್ಲ ಸತ್ಯ. ನಮ್ಮ ಮನೆಗೂ ಇದೇ ಆಗಲಿ. ಕರ್ತನಿಗೆ ಸ್ತೋತ್ರ.”

ಯಾರೂ ನಗಲಿಲ್ಲ. “ಕೋರ್ಟು ಏನ್ ಬೇಕಾದ್ರೂ ಹೇಳ್ಲಿ, ದೇವರ ನಿಯಮ ಬದಲಾಗತ್ತಾ?” ಎಂದರು ಟೀಚರಮ್ಮ. ‘ಆ ಕಾಲದವರಿಗೆ’ ಎಂಬ ಮಾತು ಈ ವಾರ ಅವರಿಗೆ ನೆನಪಾಗಲಿಲ್ಲ. ನನಗೆ ನೆನಪಾಯಿತು, ಹೇಳಲಿಲ್ಲ. ಹೊರಡುವಾಗ ಅವರು ನನ್ನ ಎರಡೂ ಕೈ ಹಿಡಿದುಕೊಂಡು, “ಹೆತ್ತ ಕರುಳಾದ್ರೂ ವಾಕ್ಯದ ಕಡೆ ನಿಂತ್ಯಲ್ಲಮ್ಮ” ಎಂದು ಕಣ್ಣೀರು ಹಾಕಿದರು.

ಅವರೆಲ್ಲ ಹೋದ ಮೇಲೆ ಅವನು ಲೋಟಗಳನ್ನು ಎತ್ತಿಡುತ್ತಾ ಕೇಳಿದ. “ಓದಿದ್ದಕ್ಕೆ ಬೇಜಾರಿಲ್ಲ ಅಮ್ಮ. ಬರೆದಿದೆ, ನೀನು ಓದಿದೆ. ನಮ್ಮ ಮನೆಗೂ ಇದೇ ಆಗಲಿ ಅಂದ್ಯಲ್ಲ?”

“ಅದು ನಾನು ಯಾವಾಗ್ಲೂ ಹೇಳೋದೇ ಅಲ್ವೇನೋ.”

“ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಅದು ತಪ್ಪಾಯ್ತು ಅಂತ ಅವರ ಮುಂದೆ ಒಂದ್ಸಲ ಹೇಳು. ಒಂದೇ ಸಲ. ಹೇಳಿದ ದಿನ ಬರ್ತೀನಿ.”

ಶನಿವಾರ ಎರಡು ಬ್ಯಾಗು ತೆಗೆದುಕೊಂಡು ಬಿಟಿಎಂ ಲೇಔಟಿನಲ್ಲಿರುವ ಆ ಸ್ನೇಹಿತನ ಮನೆಗೆ ಹೋದ. ಇಲ್ಲಿಂದ ಅರ್ಧ ಗಂಟೆಯ ದಾರಿ.

ನಾನು ಅಯ್ಯನವರ ಹತ್ತಿರ ಹೋದೆ. ನಮ್ಮ ಸಭೆಗೆ ಹೊಸದಾಗಿ ಬಂದಿದ್ದ ಪಾದ್ರಿ, ಚಿಕ್ಕ ವಯಸ್ಸಿನವರು. ಬಾಗಿಲು ಮುಂದೆ ಮಾಡಿ ಸಣ್ಣ ದನಿಯಲ್ಲಿ ಹೇಳಿದರು: “ನೋಡಿ ಅಮ್ಮ, ಇದರಲ್ಲಿ ಓದಿದವರಲ್ಲೇ ಒಮ್ಮತ ಇಲ್ಲ. ಊಟ-ಬಟ್ಟೆಯ ನಿಯಮ ಹೋಯ್ತು, ನಡತೆಯ ನಿಯಮ ಉಳೀತು ಅಂತಾರೆ ಕೆಲವರು. ಹಾಗೆ ಗೆರೆ ಎಳೆದವರು ಯಾರು ಅಂತ ಕೇಳ್ತಾರೆ ಇನ್ನು ಕೆಲವರು. ನನಗೂ ಆ ಪ್ರಶ್ನೆ ಇದೆ.”

“ಹಾಗಾದ್ರೆ ಅದನ್ನ ಪೀಠದಲ್ಲಿ ನಿಂತು ಹೇಳಿ ಅಯ್ಯನೋರೆ.”

“ಹೇಳಿದ್ರೆ ಸಭೆ ಒಡೆಯತ್ತೆ ಅಮ್ಮ. ಪ್ರಾರ್ಥನೆ ಮಾಡೋಣ,” ಎಂದರು. ಮಾಡಿದೆವು. ನನ್ನ ಜೀವನದಲ್ಲಿ ನಾನು ಯಾರನ್ನಾದರೂ ಏನಾದರೂ ಹೇಳಿ ಎಂದು ಕೇಳಿದ್ದು ಅದೊಂದೇ ಸಲ.

ಸಂಘದಲ್ಲಿ ಇಪ್ಪತ್ತು ಮನೆ. ನನ್ನ ಸರದಿ ಮತ್ತೆ ಬರಲು ಐದು ತಿಂಗಳಾಯಿತು. ಅಷ್ಟರಲ್ಲಿ ಒಂದು ಚೀಟಿ ಬರೆದು ಸತ್ಯವೇದದೊಳಗೆ ಇಟ್ಟುಕೊಂಡಿದ್ದೆ: ‘ಹಂದಿ ತಿನ್ನಬಹುದು, ಎರಡು ನೂಲಿನ ಬಟ್ಟೆ ಉಡಬಹುದು ಎಂದಾದರೆ ನನ್ನ ಮಗನೂ ಬದುಕಬಹುದು. ಅವತ್ತು ನಾನು ಹೇಳಿದ್ದು ತಪ್ಪು.’ ಸಾರಿಗೆ ಒಗ್ಗರಣೆ ಹಾಕುವಾಗ, ಸ್ನಾನ ಮಾಡುವಾಗ ಅದನ್ನು ಬಾಯಿಪಾಠ ಮಾಡಿದೆ. ಅವತ್ತು ಅಧ್ಯಾಯ ಓದಿ ಮುಗಿಸಿದೆ. ಚೀಟಿ ಕೈಯಲ್ಲೇ ಇತ್ತು. “ಹೇಳಮ್ಮ,” ಎಂದರು ಟೀಚರಮ್ಮ, ನಗುತ್ತಾ. ಹತ್ತೊಂಬತ್ತು ಜನ ನನ್ನ ಮುಖ ನೋಡುತ್ತಿದ್ದರು. ಓದಿದ್ದೆಲ್ಲ ಸತ್ಯ ಎಂದೆ. ನಮ್ಮ ಮನೆಗೂ ಇದೇ ಆಗಲಿ ಎಂದೆ. ಕಾಫಿ ತರಲು ಎದ್ದೆ.

ಸಂಜೆ ಅವನಿಗೆ ಫೋನ್ ಮಾಡಿದೆ. “ಆಗ್ಲಿಲ್ಲ ಕಣೋ.”

“ಸರಿ ಅಮ್ಮ. ಬಿಪಿ ಮಾತ್ರೆ ತಗೊಂಡ್ಯಾ?” ಎಂದ.

ಆಮೇಲೆ ನನ್ನ ಸರದಿ ಎರಡು ಸಲ ಬಂದು ಹೋಗಿದೆ. ಒಂದು ಸಲ ಮೈ ಹುಷಾರಿಲ್ಲ ಎಂದು ಬೇರೆಯವರಿಗೆ ಬಿಟ್ಟುಕೊಟ್ಟೆ. ಇನ್ನೊಂದು ಸಲ ಏನಾಯಿತು ಎಂದು ನೀವೇ ಊಹಿಸಿಕೊಳ್ಳಿ. ಇನ್ನು ನನ್ನಿಂದ ಆಗುತ್ತದೆ ಎಂಬ ಭ್ರಮೆ ನನಗಿಲ್ಲ.

ಇದನ್ನು ಮಾವನಿಗೆ ತೋರಿಸಿ ಕರೆತರುತ್ತೇವೆ ಎಂದುಕೊಳ್ಳಬೇಡಿ. ಅವನು ಅವರ ಮುಂದೆ ಹೇಳು ಎಂದಿದ್ದ. ಬಾಗಿಲು ಹಾಕಿಕೊಂಡು ಮೊಮ್ಮಕ್ಕಳಿಗೆ ಬರೆದದ್ದು ಅದಕ್ಕೆ ಸಮವಾಗುವುದಿಲ್ಲ, ಅವನಿಗೂ ಅದು ಗೊತ್ತು. ಆದರೆ ನಾನು ಸತ್ತ ದಿನ ಸಂಘದವರು ಬರುತ್ತಾರೆ. ಪೆಟ್ಟಿಗೆಯ ಪಕ್ಕ ನಿಂತು, ಈ ತಾಯಿ ಮಗನಿಗಿಂತ ದೇವರ ಮಾತು ದೊಡ್ಡದು ಎಂದವಳು ಎಂದು ಸಾಕ್ಷಿ ಹೇಳುತ್ತಾರೆ. ಅವನು ಬಂದಿದ್ದರೆ, ಹಿಂದೆ ಎಲ್ಲೋ ನಿಂತು ಅದನ್ನೂ ಕೇಳಬೇಕಾಗುತ್ತದೆ. ಅದು ಸುಳ್ಳು ಎಂದು ನಿಮ್ಮಿಬ್ಬರಿಗಾದರೂ ತಿಳಿದಿರಲಿ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.