ಪೆಟ್ರೋಲ್ ಮುಚ್ಚಳಕ್ಕೆ ಹಚ್ಚಿದ ವಿಭೂತಿ

“ಅಮ್ಮಾ, ಇದ್ರೊಳಗೆ ವಿಭೂತಿ ಬಳ್ದಿರೋರು ಯಾರು?” ನಮ್ಮ ಹಳೆಯ ಕಾರಿನ ಪೆಟ್ರೋಲ್ ಮುಚ್ಚಳವನ್ನು ಎತ್ತಿ ಹಿಡಿದು ಮರಳೂರಿನ ಮೆಕ್ಯಾನಿಕ್ ಕೇಳಿದರು.

“ನಾನೇ ಕಣಪ್ಪ, ಪ್ರತಿ ಸೋಮವಾರ. ಗಾಡಿ ಉಣ್ಣೋ ಬಾಯಲ್ವಾ ಅದು?” ಹಿಂದಿನ ಸೀಟಿನಿಂದ ಅಮ್ಮ ಹೆಮ್ಮೆಯಿಂದಲೇ ಹೇಳಿದರು.

ಒಂದು ತಿಂಗಳಿನಿಂದ ಕಾರಿನೊಳಗೆ ಪೆಟ್ರೋಲ್ ವಾಸನೆ. ಪೈಪು, ಟ್ಯಾಂಕು ಎಲ್ಲ ತಡಕಿದರೂ ಸೋರಿಕೆ ಸಿಕ್ಕಿರಲಿಲ್ಲ. ಮುಚ್ಚಳದೊಳಗಿನ ರಬ್ಬರ್ ವಾಷರ್ ಮೇಲೆ ವಿಭೂತಿ ಒಣಗಿ ಗಟ್ಟಿಯಾಗಿತ್ತು. ಮುಚ್ಚಳ ಬಿಗಿಯಾಗಿ ಕೂರದೆ ಆವಿ ಹೊರಬರುತ್ತಿತ್ತು. ಆ ವಾಸನೆ ಹೋಗಲೆಂದು ಅಮ್ಮ ದಿನವೂ ಕಾರಿನೊಳಗೆ ಗಂಧದಕಡ್ಡಿ ಹಚ್ಚುತ್ತಿದ್ದರು. ಇದನ್ನು ಕೇಳಿದ್ದೇ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದರು.

ಹೊಸ ವಾಷರ್ ಹಾಕಿದ ಮೇಲೆ ವಾಸನೆ ನಿಂತಿತು. ಕಾರಿನೊಳಗೆ ಕಡ್ಡಿ ಹಚ್ಚಕೂಡದು, ವಿಭೂತಿ ಹೊರಗಡೆ ಮಾತ್ರ ಎಂದು ಅಮ್ಮನಿಗೆ ಅಪ್ಪಣೆಯಾಯಿತು. ಗುಬ್ಬಿಗೆ ಮರಳುವ ದಾರಿಯಲ್ಲಿ ಅಮ್ಮ ಬಾಯಿಬಿಟ್ಟರು: “ಒಂದ್ ತಿಂಗ್ಳು ಕಡ್ಡಿ ಹಚ್ಚಿದ್ರೂ ಗಾಡಿಗೆ ಬೆಂಕಿ ಹತ್ಲಿಲ್ಲ. ಯಾರು ಕಾಪಾಡಿದ್ದು ಅನ್ಕೊಂಡೆ? ಅದೇ ವಿಭೂತಿ ಕಣೋ.”

ಈಗ ಸೋಮವಾರ ಬೆಳಿಗ್ಗೆ ನಾನೇ ಬಗ್ಗಿ, ಆ ಮುಚ್ಚಳಕ್ಕೆ ಮೂಗಿಟ್ಟು ವಾಸನೆ ನೋಡುತ್ತೇನೆ. ಮಗನಿಗೂ ಕೊನೆಗೆ ಭಕ್ತಿ ಬಂತು ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.